ಕಾಯಕದ ಶುದ್ಧಿಯೂ ಕೊಂಡೆಯರ ಮಾತೂ

ಕಾಯಕ ಮಾಡುವವನಿಗೆ ಎರಡು ಗಳಿಕೆಗಳುಂಟು. ಒಂದು, ದುಡಿಮೆಗೆ ದೊರೆಯುವ ಪ್ರತಿಫಲ. ಇನ್ನೊಂದು, ದುಡಿಮೆಯಿಂದ ಬರುವ ಹೆಸರು. ಹೋದ ಹಣವನ್ನು ಮರಳಿ ಗಳಿಸಬಹುದು. ಕೆಟ್ಟ ಹೆಸರನ್ನು ಸರಿಪಡಿಸಿಕೊಳ್ಳುವುದು ಬಲು ಕಷ್ಟ. ಆದುದರಿಂದಲೇ ಮಾನವಂತನಾದ ಗೃಹಸ್ಥನು ಕಳ್ಳನಿಗಿಂತ ಚಾಡಿಕೋರನಿಗೆ ಹೆಚ್ಚು ಅಂಜುತ್ತಾನೆ.

ಹಿಂದೆ ಲಚ್ಯಾಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಮನೆತನಗಳು ಬಹುಮಟ್ಟಿಗೆ ಹೊಲವನ್ನೂ ಕಸುಬನ್ನೂ ನಂಬಿ ಬಾಳುತ್ತಿದ್ದುವು. ಇಂದು ಅವೇ ಮನೆಗಳ ಮಕ್ಕಳು ತಾಲೂಕು ಕಛೇರಿಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಸಹಕಾರಿ ಸಂಘದಲ್ಲಿ, ದೂರದ ಬೆಂಗಳೂರು ಪುಣೆಗಳ ಕಂಪನಿಗಳಲ್ಲಿ ನೌಕರರಾಗಿದ್ದಾರೆ. ಹೊಲದಲ್ಲಿ ಬೆಳೆದ ಜೋಳ ಯಾರದೆಂಬುದು ಊರಿಗೆಲ್ಲ ಗೊತ್ತು. ಕಛೇರಿಯಲ್ಲಿ ಹಾಗಲ್ಲ. ಒಬ್ಬನು ಮಾಡಿದ ಕೆಲಸ ಇನ್ನೊಬ್ಬನ ಹೆಸರಿಗೆ ಸೇರುವುದೂ, ಒಬ್ಬನ ತಪ್ಪು ಇನ್ನೊಬ್ಬನ ತಲೆಗೆ ಬರುವುದೂ ಅಲ್ಲಿ ಅಪರೂಪವಲ್ಲ. ಬಡ್ತಿಯ ಪೈಪೋಟಿ, ಗುಂಪುಗಾರಿಕೆ, ಮೇಲಧಿಕಾರಿಯ ಕಿವಿಯೂದುವ ಚಾಳಿ ಇವುಗಳ ನಡುವೆ ಸದ್ಭಕ್ತನು ತನ್ನ ಹೆಸರನ್ನು ಕಾಪಾಡಿಕೊಳ್ಳುವ ಬಗೆ ಹೇಗೆ? ಚಾಡಿಗೆ ಚಾಡಿಯೇ ಮದ್ದೇ? ಮೌನವೇ ಮದ್ದೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾದುದಿಲ್ಲ. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಇಂದು ಸೊಲ್ಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಢೆಯಲ್ಲಿ ಕರಣಿಕನಾಗಿ ಲೆಕ್ಕ ಬರೆಯುವ ಕಾಯಕವನ್ನು ಕೈಕೊಂಡ ಬಸವಣ್ಣನವರ ಜೀವಿತದಲ್ಲಿಯೇ ಉತ್ತರವಿದೆ. ಬಸವಣ್ಣನವರನ್ನು ಧರ್ಮಗುರುಗಳೆಂದು, ವಚನಕಾರರೆಂದು ಲೋಕ ನೆನೆಯುತ್ತದೆ. ಅವರು ಹನ್ನೆರಡನೆಯ ಶತಮಾನದ ಒಂದು ದೊಡ್ಡ ರಾಜ್ಯದ ನೌಕರರೂ ಆಗಿದ್ದರೆಂಬುದನ್ನು ಮರೆಯಲಾಗದು. ಕಳಚುರಿ ಬಿಜ್ಜಳನ ಆಳಿಕೆಯಲ್ಲಿ ಕರಣಿಕ ವೃತ್ತಿಯಿಂದ ಮೊದಲಾಗಿ ಭಂಡಾರಿಯ ಪದವಿಯವರೆಗೆ ಅವರು ಏರಿದರು. ಏರಿದವನ ಮೇಲೆ ಕಣ್ಣು ಬೀಳುವುದು ಅಂದಿಗೂ ಇಂದಿಗೂ ಒಂದೇ.

ಬಸವ ಪುರಾಣಗಳು ಹೇಳುವ ಪ್ರಸಂಗ ಭಕ್ತರಿಗೆಲ್ಲ ಪರಿಚಿತವಾದುದು. ಆಸ್ಥಾನದ ಕೊಂಡೆಯರು ಬಿಜ್ಜಳನ ಬಳಿ ಸಾರಿ, ಭಂಡಾರಿಯು ಅರಸನ ಹೊನ್ನನ್ನು ಜಂಗಮರಿಗೆ ಸುರಿದು ಬೊಕ್ಕಸವನ್ನು ಬರಿದುಮಾಡಿದ್ದಾನೆಂದು ದೂರಿದರು. ಅರಸನು ಕೇಳಿದನು. ಬಸವಣ್ಣನವರು ಲೆಕ್ಕ ನೋಡಬಹುದೆಂದರು. ಭಂಡಾರವನ್ನು ತೆರೆದು ಎಣಿಸಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಪುರಾಣಕಾರರು ಇದನ್ನು ಪವಾಡವಾಗಿ ವರ್ಣಿಸಿದ್ದಾರೆ. ಭಕ್ತನಿಗೆ ಪವಾಡವಾಗಿ ಕಾಣುವುದರಲ್ಲಿ ತಪ್ಪಿಲ್ಲ. ನೌಕರನಾದ ಭಕ್ತನು ಅದರಲ್ಲಿ ಒಂದು ಪಾಠವನ್ನೂ ಕಾಣಬೇಕು.

ಮೊದಲು ಗಮನಿಸತಕ್ಕುದು, ಆ ಆರೋಪವು ನಂಬುವಂತಿತ್ತೆಂಬುದು. ಮಹಾಮನೆಯಲ್ಲಿ ನಿತ್ಯವೂ ದಾಸೋಹ. ಅದನ್ನು ನಡೆಸುವವನ ಕೈಯಲ್ಲಿಯೇ ಅರಸನ ಬೊಕ್ಕಸದ ಬೀಗದ ಕೈ. ನೋಡುವವರಿಗೆ ಸಂಶಯ ಬರುವುದು ಸಹಜ. ಕೇವಲ ನಿರಪರಾಧಿಯಾಗಿದ್ದರೆ ಸಾಲದು. ಕೇಳಿದ ದಿನವೇ ತೆರೆದು ತೋರಿಸುವಂತಹ ಲೆಕ್ಕವಿರಬೇಕು. ಕೊಂಡೆಯರು ಬಂದ ಮೇಲೆ ಬರೆದ ಲೆಕ್ಕಕ್ಕೆ ಬೆಲೆಯಿಲ್ಲ. ಅವರು ಬರುವ ಮುನ್ನವೇ ದಿನದಿನವೂ ಬರೆದಿಟ್ಟ ಲೆಕ್ಕವೇ ಸಾಕ್ಷಿ.

ಎರಡನೆಯದು, ಬಸವಣ್ಣನವರು ದೂರಿದವರ ಹುಳುಕನ್ನು ಕೆದಕಲು ಹೋಗಲಿಲ್ಲ. ಚಾಡಿಗೆ ಚಾಡಿಯನ್ನು ಹೇಳುವವನು ತಾನೂ ಕೊಂಡೆಯರ ಸಾಲಿನಲ್ಲಿ ಕುಳಿತಂತೆ. ಮೂರನೆಯದು, ಸಂಶಯಕ್ಕೆ ಅಂಜಿ ದಾಸೋಹವನ್ನು ನಿಲ್ಲಿಸಲೂ ಇಲ್ಲ, ಸಿಟ್ಟಿನಿಂದ ಕಾಯಕವನ್ನು ಬಿಟ್ಟು ಹೋಗಲೂ ಇಲ್ಲ.

ಅವರ ಮೇಲೆ ಬಂದ ಮಾತು ಅರಮನೆಯ ಕಡೆಯಿಂದ ಮಾತ್ರವಲ್ಲ. ಶರಣರಲ್ಲಿಯೇ ಕೆಲವರು, ಭವಿಯಾದ ಅರಸನ ಸಿಂಹಾಸನದಡಿ ಕುಳಿತು ಓಲೈಸುವುದೇಕೆಂದು ಕೇಳಿದರು. ಅದಕ್ಕೆ ಉತ್ತರವಾಗಿ ಬಸವಣ್ಣನವರು ತಮ್ಮ ಒಂದು ವಚನದಲ್ಲಿ, ಈ ಸೇವೆ ತಮ್ಮ ಒಡಲಿಗಾಗಿ ಅಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಲೆಕ್ಕ ಕೇಳಿದ ಅರಸನಿಗೆ ಲೆಕ್ಕ, ಉದ್ದೇಶ ಕೇಳಿದ ಶರಣರಿಗೆ ಉದ್ದೇಶ. ಅಧಿಕಾರವುಳ್ಳವನು ಕೇಳಿದಾಗಲೂ ಆಪ್ತರು ಕೇಳಿದಾಗಲೂ ಉತ್ತರ ಕೊಡಬೇಕು. ಬೀದಿಯ ಮಾತಿಗೆಲ್ಲ ಉತ್ತರ ಕೊಡುತ್ತ ಹೋದರೆ ಕಾಯಕ ಕೆಡುತ್ತದೆ.

ಇಂದಿನ ಕಛೇರಿಯಲ್ಲಿ ಈ ನೀತಿಯನ್ನು ಆಚರಣೆಗೆ ತರುವುದು ಹೇಗೆ? ಆ ದಿನದ ಕಿರ್ದಿಯನ್ನು ಆ ದಿನವೇ ಬರೆದು ಮುಗಿಸುವುದು ಮೊದಲ ವ್ರತ. ಮೇಲಧಿಕಾರಿಯು ಬಾಯಿಮಾತಿನಲ್ಲಿ ಹೇಳಿದ ಮುಖ್ಯ ಆದೇಶವನ್ನು, "ತಾವು ಇಂದು ತಿಳಿಸಿದ ಪ್ರಕಾರ" ಎಂದು ವಿನಯದಿಂದ ಟಿಪ್ಪಣಿಯಲ್ಲಿ ಬರೆದು ಸಲ್ಲಿಸುವುದು ಎರಡನೆಯದು. ಓದದೆ ರುಜು ಹಾಕದಿರುವುದು ಮೂರನೆಯದು. ಸಹೋದ್ಯೋಗಿ ಎದುರಿಗಿಲ್ಲದಾಗ ಅವನ ವಿಷಯದಲ್ಲಿ, ಅವನೆದುರು ಆಡಲಾರದ ಮಾತನ್ನು ಆಡದಿರುವುದು ನಾಲ್ಕನೆಯದು. ಮೊಬೈಲಿನಲ್ಲಿ ಒಬ್ಬರಿಂದೊಬ್ಬರಿಗೆ ಹರಿಯುವ ಮಾತಿಗೂ ಈ ನಿಯಮ ಸಲ್ಲುತ್ತದೆ. ಬಾಯಿಂದ ಬಂದ ಚಾಡಿ ಮರೆತು ಹೋದೀತು, ಬರೆದು ಕಳುಹಿಸಿದ ಚಾಡಿ ಉಳಿಯುತ್ತದೆ.

ಕಛೇರಿಯ ಹಣಕ್ಕೂ ಸ್ವಂತ ಹಣಕ್ಕೂ ನಡುವಿನ ಗೆರೆ ಅಳಿಯಬಾರದು. ಸಂಜೆಗೆ ತುಂಬಿದರಾಯಿತೆಂದು ತಾಸೊತ್ತಿನ ಮಟ್ಟಿಗೆ ತೆಗೆದ ನೂರು ರೂಪಾಯಿಯೂ ಕೊಂಡೆಯನ ಕೈಗೆ ಕೊಟ್ಟ ಕೋಲು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಲೆಗೇರಿಸದೆ ಹಿಂದಕ್ಕೆ ಸುರಿದು ಬರಲು ಕಳುಹಿಸಿದರು. ಗಂಡನ ಹೆಸರನ್ನು ಕಾಪಾಡಿದವರು ಮನೆಯ ಹೆಂಡತಿ. ಗಳಿಕೆ ಎಲ್ಲಿಂದ ಬಂತೆಂದು ಕೇಳುವ ಮನೆಯಲ್ಲಿ ನೌಕರನ ಮಾನ ಅರ್ಧ ಸುರಕ್ಷಿತ. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. ಊರವರ ಹಣಕ್ಕೆ ಬ್ಯಾಂಕು ಕಟ್ಟಿದ ಅವರು, ವಚನ ಸಾಹಿತ್ಯದ ಪ್ರಕಟಣೆಗೆಂದು ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆಯಲು ಸ್ವಂತ ಮನೆಯನ್ನೇ ಮಾರಿದರು. ಧರ್ಮಕಾರ್ಯಕ್ಕಾದರೂ ಕೊಡುವುದು ತನ್ನದಾಗಿರಬೇಕು.

ಇಷ್ಟಾದರೂ ಆರೋಪ ಬಂದರೆ? ಬಾಯಿಮಾತಿನ ಅಪವಾದವನ್ನು ಬಹುಮಟ್ಟಿಗೆ ಕೆಲಸವೇ ಅಳಿಸುತ್ತದೆ. ಆದರೆ ಬರವಣಿಗೆಯಲ್ಲಿ ಬಂದ ಆರೋಪಕ್ಕೆ ಮೌನವು ಭೂಷಣವಲ್ಲ; ಅದನ್ನು ಒಪ್ಪಿಗೆಯೆಂದು ಲೋಕ ತಿಳಿಯುತ್ತದೆ. ಕೊಟ್ಟ ಅವಧಿಯೊಳಗೆ, ಬೈಗುಳವಿಲ್ಲದೆ, ತಾರೀಖು ಮತ್ತು ಕಾಗದಗಳ ಸಹಿತ ಬರವಣಿಗೆಯಲ್ಲಿಯೇ ಉತ್ತರ ಕೊಡಬೇಕು. ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಆರೋಪವನ್ನು ತಿಳಿಸಿ ಉತ್ತರಕ್ಕೆ ಯುಕ್ತ ಅವಕಾಶವಿತ್ತು ವಿಚಾರಣೆ ನಡೆಸದೆ ಸರ್ಕಾರಿ ನೌಕರನನ್ನು ವಜಾ ಮಾಡಲಾಗದೆಂದು ಸಂವಿಧಾನದ ೩೧೧ನೆಯ ಅನುಚ್ಛೇದ ಹೇಳುತ್ತದೆ. ರಾಜ್ಯದ ನೌಕರರಿಗೆ ಅಂತಹ ವಿಚಾರಣೆಯ ಕ್ರಮವನ್ನು ೧೯೫೭ರ ಕರ್ನಾಟಕ ಸಿವಿಲ್ ಸೇವಾ ನಿಯಮಗಳು ವಿಧಿಸಿವೆ; ೨೦೦೫ರ ಮಾಹಿತಿ ಹಕ್ಕು ಅಧಿನಿಯಮದಿಂದ ಬೇಕಾದ ಕಾಗದಗಳ ಪ್ರತಿಯನ್ನು ಕೇಳಬಹುದು. ಲೆಕ್ಕ ನೋಡಬಹುದೆಂದು ಬಸವಣ್ಣನವರು ಅರಸನಿಗೆ ಹೇಳಿದ ಮಾತೇ ಇಂದು ಈ ರೂಪದಲ್ಲಿ ನೌಕರನಿಗೆ ಹಕ್ಕಾಗಿದೆ. ಇದನ್ನು ಬಿಟ್ಟು ಪುಢಾರಿಗಳ ಬಾಗಿಲಿಗೆ ಅಲೆಯುವುದು, ಮಠದ ಸ್ವಾಮಿಗಳಿಂದ ಶಿಫಾರಸು ಪತ್ರ ಬೇಡುವುದು, ಜಾತಿಯವರನ್ನು ಕೂಡಿಸಿ ಒತ್ತಾಯ ತರುವುದು ಸದ್ಭಕ್ತನ ದಾರಿಯಲ್ಲ. ಶುದ್ಧವಾದ ಲೆಕ್ಕಕ್ಕೆ ಶಿಫಾರಸು ಬೇಕಿಲ್ಲ; ಅಶುದ್ಧವಾದ ಲೆಕ್ಕಕ್ಕೆ ಶಿಫಾರಸು ಕೊಡಿಸುವುದು ಗುರುಪೀಠಕ್ಕೆ ಮಸಿ ಬಳಿದಂತೆ.

ಹೀಗೆ ನಡೆದವರೆಲ್ಲರೂ ಗೆಲ್ಲುವರೆಂದು ಹೇಳುವಂತಿಲ್ಲ. ಪ್ರಾಮಾಣಿಕನಿಗೂ ವರ್ಗಾವಣೆಯಾಗುವುದುಂಟು, ಬಡ್ತಿ ತಪ್ಪುವುದುಂಟು. ಲೆಕ್ಕದಲ್ಲಿ ಒಂದು ಹೊನ್ನೂ ತಪ್ಪದ ಬಸವಣ್ಣನವರೂ ಕೊನೆಗೆ ಕಲ್ಯಾಣವನ್ನು ಬಿಡಬೇಕಾಯಿತು. ಹರಳಯ್ಯ ಮಧುವರಸರ ಮಕ್ಕಳ ಕಲ್ಯಾಣದ ತರುವಾಯ ಎದ್ದ ಬಿರುಗಾಳಿಯಲ್ಲಿ ಅವರು ಪದವಿಯನ್ನು ತೊರೆದು ಕೂಡಲಸಂಗಮಕ್ಕೆ ಮರಳಿದರೆಂದು ಪರಂಪರೆ ಹೇಳುತ್ತದೆ. ಪದವಿಯು ಅರಸನದು; ಅವನು ಕೊಡಬಲ್ಲ, ಕಸಿಯಬಲ್ಲ. ಹೆಸರು ಕಾಯಕದ್ದು.

ಸುಮಾರು ಒಂದು ಶತಮಾನದ ತರುವಾಯ, ೧೨೬೦ರಲ್ಲಿ, ಬೆಳಗಾವಿ ಜಿಲ್ಲೆಯ ಅರ್ಜುನವಾಡದ ಶಾಸನದಲ್ಲಿ ತರ್ದವಾಡಿ ನಾಡಿನ ಬಾಗೇವಾಡಿಯ ಬಸವರಾಜನ ಮಹಿಮೆಯನ್ನು ಕಲ್ಲಿನಲ್ಲಿ ಕೊರೆಯಲಾಯಿತು. ಆ ನಾಡಿನ ಹೆಸರು ತದ್ದೇವಾಡಿಯಲ್ಲಿ ಇಂದಿಗೂ ಉಳಿದಿದೆ. ಬಿಜ್ಜಳನ ಕಿವಿಯೂದಿದ ಕೊಂಡೆಯರ ಹೆಸರುಗಳನ್ನು ಮಾತ್ರ ಇಂದು ಭಕ್ತರಲ್ಲಿ ಯಾರೂ ಗೌರವದಿಂದ ನೆನೆಯುವುದಿಲ್ಲ.

ಇಷ್ಟಲಿಂಗವನ್ನು ಹಿಡಿಯುವುದು ಎಡದ ಅಂಗೈಯಲ್ಲಿ; ಕಛೇರಿಯಲ್ಲಿ ರುಜು ಹಾಕುವುದು ಬಲಗೈಯಿಂದ. ಎರಡೂ ಒಬ್ಬನ ಕೈಗಳೇ. ನಿತ್ಯವೂ ಪೂಜೆಗೆ ಕುಳಿತಾಗ ಸದ್ಭಕ್ತನು, ಇಂದು ಬರೆದ ಲೆಕ್ಕವನ್ನು ನಾಳೆ ಯಾರು ಕೇಳಿದರೂ ತೆರೆದು ತೋರಿಸಬಲ್ಲೆನೇ ಎಂದು ತನ್ನನ್ನು ತಾನು ಕೇಳಿಕೊಳ್ಳಲಿ. ಅಹುದೆಂಬ ಉತ್ತರ ಬಂದ ದಿನ ಅವನು ಯಾವ ಕೊಂಡೆಯನಿಗೂ ಅಂಜಬೇಕಾದುದಿಲ್ಲ.