ಐದು ಲಕ್ಷವೆಂದರೆ ಎಷ್ಟು ವರ್ಷ? ಕ್ರೀಡಾ ಅನುದಾನದ ಮೇಲೊಂದು ಗಣಿತ ಪಾಠ

ತರಗತಿ: 8
ವಿಷಯ: ಗಣಿತ
ಪಾಠಾಂಶ: ಅನುಪಾತ ಮತ್ತು ಶೇಕಡಾ
ಅವಧಿ: 40 ನಿಮಿಷ
ಕಲಿಕಾ ಫಲ: ದೊಡ್ಡ ಮೊತ್ತಗಳನ್ನು ಒಂದೇ ಮಾನಕ್ಕೆ ತಂದು ಹೋಲಿಸುವುದು, ಹೋಲಿಕೆಯಿಂದ ಪ್ರಶ್ನೆ ಕೇಳುವುದನ್ನು ಕಲಿಯುವುದು.

ಶೇಕಡಾ ಪಾಠಕ್ಕೆ ನಾವು ಸಾಮಾನ್ಯವಾಗಿ ಅಂಗಡಿಯ ರಿಯಾಯಿತಿ, ಬ್ಯಾಂಕಿನ ಬಡ್ಡಿಯನ್ನೇ ಉದಾಹರಣೆಯಾಗಿ ಕೊಡುತ್ತೇವೆ. ಬಿಳಿಗೆರೆಯ ಬೋಧನಾಭ್ಯಾಸದಲ್ಲಿ ನಾನು ಸರ್ಕಾರ ಕ್ರೀಡೆಗೆ ಕೊಡುವ ಹಣವನ್ನು ಆರಿಸಿಕೊಂಡೆ. ಕಾರಣ ಹತ್ತಿರದಲ್ಲೇ ಇತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ನೆರೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಬಿ. ಇದ್ದರು.

ಪೀಠಿಕೆ

"ನಮ್ಮ ರಾಷ್ಟ್ರೀಯ ಕ್ರೀಡೆ ಯಾವುದು?" ಎಂದು ಕೇಳಿದೆ. ಇಡೀ ತರಗತಿ "ಹಾಕಿ" ಎಂದಿತು. ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯವೇ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಿದೆ ಎಂದಾಗ ಮಕ್ಕಳು ನಂಬಲಿಲ್ಲ. ಹಾಗಾದರೆ ಯಾವ ಆಟಕ್ಕೆ ಯಾರು ಹಣ ಕೊಡಬೇಕು? ಸಂವಿಧಾನದಲ್ಲಿ ಕ್ರೀಡೆ ರಾಜ್ಯಪಟ್ಟಿಗೆ ಸೇರಿದ ವಿಷಯ. ಆದರೂ ಖೇಲೋ ಇಂಡಿಯಾದಂಥ ಯೋಜನೆಗಳ ಮೂಲಕ ಕೇಂದ್ರವೂ ಹಣ ಕೊಡುತ್ತದೆ. ಇಷ್ಟು ಹೇಳಿ ಮೂರು ಗುಂಪುಗಳಿಗೆ ಮೂರು ಚೀಟಿ ಹಂಚಿದೆ.

ಗುಂಪು ಚಟುವಟಿಕೆ

ಮೊದಲ ಚೀಟಿ: 2025–26ರ ಕೇಂದ್ರ ಬಜೆಟ್ ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯಕ್ಕೆ ಸುಮಾರು 3,794 ಕೋಟಿ. ಈ ಹಣದಲ್ಲಿ ಖೇಲೋ ಇಂಡಿಯಾಕ್ಕೆ 1,000 ಕೋಟಿ.

ಮಕ್ಕಳು ಸೊನ್ನೆಗಳಲ್ಲಿ ಸಿಕ್ಕಿಕೊಂಡರು. "ಎರಡನ್ನೂ ಕೋಟಿಯಲ್ಲೇ ಬರೆಯಿರಿ" ಎಂದೊಡನೆ ದಾರಿ ಸಿಕ್ಕಿತು. 3,794ನ್ನು 50,65,000ದಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 0.075. ಅಂದರೆ ನೂರು ರೂಪಾಯಿಯಲ್ಲಿ ಏಳೂವರೆ ಪೈಸೆ. ಅದರಲ್ಲಿ ಖೇಲೋ ಇಂಡಿಯಾದ ಪಾಲು ಸುಮಾರು ಶೇ 26.

ಎರಡನೇ ಚೀಟಿ: ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಕ್ರೀಡಾ ಅನುದಾನವಿದೆ. ವರ್ಷಕ್ಕೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ.

250 ಮಕ್ಕಳ ಪ್ರೌಢಶಾಲೆಯೆಂದು ಊಹಿಸಿದರೆ ಒಬ್ಬರಿಗೆ ವರ್ಷಕ್ಕೆ 100 ರೂಪಾಯಿ.

ಮೂರನೇ ಚೀಟಿ: ವಿಶ್ವಕಪ್ ಗೆದ್ದ ಮೇಲೆ ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಅವರಿಗೆ ರಾಜ್ಯ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಮತ್ತು ಸರ್ಕಾರಿ ಕೆಲಸ ಕೊಡುತ್ತಿರುವುದನ್ನು ತೋರಿಸಿ ಇಬ್ಬರೂ ಅದನ್ನು ನಿರಾಕರಿಸಿದರು.

ಎರಡು ಬಹುಮಾನಗಳ ಅನುಪಾತ 45:1. ಈ ಮೊತ್ತಗಳನ್ನು ಎರಡನೇ ಚೀಟಿಯ 25,000ದಿಂದ ಭಾಗಿಸಲು ಹೇಳಿದೆ. ಐದು ಲಕ್ಷವೆಂದರೆ ಒಂದು ಪ್ರೌಢಶಾಲೆಯ 20 ವರ್ಷದ ಅನುದಾನ, 2.25 ಕೋಟಿಯೆಂದರೆ 900 ವರ್ಷದ್ದು. 900 ಬಂದಾಗ ಮಕ್ಕಳು ತಪ್ಪಾಗಿದೆಯೆಂದು ಮತ್ತೊಮ್ಮೆ ಭಾಗಿಸಿದರು.

ಚರ್ಚೆ

"ಗೆದ್ದೋರ್ಗೆ ಕೊಡೋದು ಜಾಸ್ತಿ ಆಯ್ತಾ ಮಿಸ್?" ಎಂದು ಒಬ್ಬ ಹುಡುಗ ಕೇಳಿದ. ಹಿಂದಿನ ಬೆಂಚಿನ ಹುಡುಗಿ, "ಗೆಲ್ಲೋಕ್ ಮುಂಚೆ ಯಾರ್ ಕೊಡ್ತಾರೆ?" ಎಂದಳು. ಪಾಠದ ತಿರುಳು ಇದೇ. ಆಟಗಾರರ ಆಟದ ವಯಸ್ಸು ಚಿಕ್ಕದು. ಬಹುಮಾನ, ಕೆಲಸ ಅವರ ಮುಂದಿನ ಬದುಕಿಗೆ ಆಧಾರ. ಒಂದೇ ಕಪ್ಪಿಗೆ ಎರಡು ರಾಜ್ಯಗಳಲ್ಲಿ ಎರಡು ಬೆಲೆ ಏಕೆಂದು ಕೇಳಿದ್ದೂ ನ್ಯಾಯವೇ. ಆದರೆ ಬಹುಮಾನ ಗೆದ್ದವರನ್ನು ಗೌರವಿಸುತ್ತದೆ. ಮುಂದೆ ಗೆಲ್ಲುವವರನ್ನು ತಯಾರು ಮಾಡುವುದು ಶಾಲೆಯ ಮೈದಾನಕ್ಕೆ ಸೇರುವ ಸಣ್ಣ ಹಣ.

ವಿಸ್ತರಣೆ

ಖೋ ಖೋ ಖರ್ಚಿಲ್ಲದ ಆಟವೆನ್ನುತ್ತೇವೆ. ಎರಡು ಕಂಬ, ಸುಣ್ಣದ ಗೆರೆ, ಸಮತಟ್ಟು ನೆಲ ಇದ್ದರೆ ಸಾಕು ಎಂಬುದು ಊರಿನ ಮಟ್ಟಕ್ಕೆ ನಿಜ. ವಿಶ್ವಕಪ್ ನಡೆದದ್ದು ಮ್ಯಾಟ್ ಮೇಲೆ. ಮಣ್ಣಿನಲ್ಲಿ ಓಡಿ ಕಲಿತ ಕಾಲಿಗೆ ಮ್ಯಾಟಿನ ಹಿಡಿತ ಬೇರೆ. ಇಲ್ಲಿ ವಿಜ್ಞಾನದ ಘರ್ಷಣೆಯ ಪಾಠಕ್ಕೆ ಕೊಂಡಿ ಹಾಕಬಹುದು.

ಬಳಿಕ ಪ್ರತಿ ಗುಂಪೂ 25,000 ರೂಪಾಯಿಯ ಖರ್ಚಿನ ಪಟ್ಟಿ ಮಾಡಿತು. ವಾಲಿಬಾಲ್ ನೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಶೂ ಎಲ್ಲವೂ ಬಂದವು. ಒಂದು ಗುಂಪು ನಂಜನಗೂಡಿನ ತಾಲ್ಲೂಕು ಮಟ್ಟದ ಪಂದ್ಯಕ್ಕೆ ಬಸ್ ಚಾರ್ಜನ್ನೂ ಸೇರಿಸಿತ್ತು, ಹುಡುಗರಿಗೆ ಮಾತ್ರ. "ನಮ್ಗೆ ಶಕ್ತಿ ಯೋಜನೆ ಐತಲ್ಲ ಮಿಸ್" ಎಂದು ಹುಡುಗಿಯರು ನಕ್ಕರು.

ಮೌಲ್ಯಮಾಪನ

1. ಅನುದಾನ 25,000ದಿಂದ 40,000ಕ್ಕೆ ಏರಿದರೆ ಹೆಚ್ಚಳ ಶೇಕಡಾ ಎಷ್ಟು?
2. ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಯ ಅನುದಾನಗಳ ಅನುಪಾತವೇನು?
3. ನಿಮ್ಮ ಪಟ್ಟಿಯಲ್ಲಿ ಹುಡುಗಿಯರ ಆಟಗಳಿಗೆ ಶೇಕಡಾ ಎಷ್ಟು ಹೋಗಿದೆ?

ಮೂರನೇ ಪ್ರಶ್ನೆಗೆ ಉತ್ತರ ಬರೆಯುವಾಗ ಎರಡು ಗುಂಪುಗಳು ತಮ್ಮ ಪಟ್ಟಿಯನ್ನೇ ತಿದ್ದಿಕೊಂಡವು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಈ ಪಾಠ ಮಾಡುವ ವರ್ಷದ ಬಜೆಟ್ ಅಂಕಿಗಳನ್ನೇ ಬಳಸಿ. ಮಕ್ಕಳ ಪಟ್ಟಿಗಳನ್ನು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಎಸ್‌ಡಿಎಂಸಿ ಸಭೆಯ ಮುಂದಿಡಿ. ಅದು ತಮ್ಮ ಮೈದಾನದ ಹಣವೆಂದು ಗೊತ್ತಾದ ಮಕ್ಕಳು ಲೆಕ್ಕ ಕೇಳುವುದನ್ನು ಬಿಡುವುದಿಲ್ಲ.