ಕತ್ತಿಯ ಅಲಗಿಗೆ ಹದ ಕೊಡುವಾಗ ಬಿರುಕು: ಕಾರಣ ಮತ್ತು ನಿವಾರಣೆ

ಕೈಯಿಂದ ಕತ್ತಿ, ಮಚ್ಚು, ಅಡುಗೆ ಚಾಕು ತಯಾರಿಸುವ ಸಣ್ಣ ಘಟಕಗಳಿಗೆ ಭಾರಿ ನಷ್ಟ ತರುವ ದೋಷಗಳಲ್ಲಿ ಹದ ಕೊಡುವಾಗ ಅಲಗಿನಲ್ಲಿ ಮೂಡುವ ಬಿರುಕೂ ಒಂದು. ಉಕ್ಕಿನ ಬೆಲೆ, ಇದ್ದಿಲಿನ ಖರ್ಚು, ಬಡಿತದ ಮತ್ತು ಸಾಣೆಯ ಕೂಲಿ ಎಲ್ಲವೂ ಸೇರಿದ ನಂತರ ಬರುವ ಹಂತವಿದು. ಇಲ್ಲಿ ಕೆಟ್ಟ ಅಲಗು ಗುಜರಿಗೇ ಸಲ್ಲುತ್ತದೆ. ಬಿರುಕು ಕಣ್ಣಿಗೆ ಬೀಳದೆ ಗ್ರಾಹಕರ ಕೈ ಸೇರಿದರೆ ಅಪಾಯ ಇನ್ನೂ ಹೆಚ್ಚು. ಸೌದೆ ಸೀಳುವಾಗ ಮಚ್ಚು ಮುರಿದು ಒಬ್ಬರಿಗೆ ಗಾಯವಾದರೆ, ತಯಾರಕರು ವರ್ಷಗಟ್ಟಲೆ ಗಳಿಸಿದ ಹೆಸರು ಹೋಗುತ್ತದೆ.

ಬಿರುಕು ಏಕೆ ಬೀಳುತ್ತದೆ?

ಕಾದ ಉಕ್ಕನ್ನು ಎಣ್ಣೆಯಲ್ಲಿ ಅದ್ದಿದಾಗ ಅದು ಗಡುಸಾಗುವುದರ ಜೊತೆಗೆ ಗಾತ್ರದಲ್ಲಿ ಸ್ವಲ್ಪ ಹಿಗ್ಗುತ್ತದೆ. ಮೇಲ್ಮೈ ಮೊದಲು ತಣಿದು ಗಡುಸಾಗುತ್ತದೆ. ಒಳಭಾಗ ಆಮೇಲೆ ಹಿಗ್ಗಿ ಮೇಲ್ಮೈಯನ್ನು ಎಳೆಯುತ್ತದೆ. ಈ ಎಳೆತ ಗೀರು, ಚೂಪು ಮೂಲೆ ಅಥವಾ ಹಳೆಯ ಸೀಳು ಇರುವ ಕಡೆ ಒಟ್ಟುಗೂಡುತ್ತದೆ. ಆದ್ದರಿಂದ ಬಿರುಕು ಎಣ್ಣೆಯ ತೊಟ್ಟಿಯಲ್ಲಿ ಕಾಣಿಸಿಕೊಂಡರೂ ಅದರ ಮೂಲ ಅನೇಕ ವೇಳೆ ಹಿಂದಿನ ಕೆಲಸಗಳಲ್ಲಿರುತ್ತದೆ.

ಉಕ್ಕಿನ ಆಯ್ಕೆ

ನಮ್ಮಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟುಗಳಿಂದ ಕತ್ತಿ ಮಾಡುವುದು ರೂಢಿ. ವರ್ಷಗಳ ಕಾಲ ಬಾಗಿ ದಣಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿರಬಹುದು. ಅಲ್ಲದೆ ಅದು ಯಾವ ದರ್ಜೆಯ ಉಕ್ಕು ಎಂಬುದು ಖಚಿತವಿರುವುದಿಲ್ಲ. ದೊಡ್ಡ ಆರ್ಡರುಗಳಿಗೆ ಪರೀಕ್ಷಾ ಪ್ರಮಾಣಪತ್ರವಿರುವ ಹೊಸ ಉಕ್ಕನ್ನು ಕೊಳ್ಳುವುದು ಲೇಸು. ಹಳೆಯದನ್ನೇ ಬಳಸುವುದಾದರೆ ಪ್ರತಿ ಪ್ಲೇಟಿನಿಂದಲೂ ಒಂದು ತುಂಡನ್ನು ಮೊದಲು ಹದಗೊಳಿಸಿ ಮುರಿದು ನೋಡಬೇಕು. ಮುರಿದ ಮುಖ ನಯವಾಗಿ ಬೂದುಬಣ್ಣವಿದ್ದರೆ ಕಾವು ಸರಿಯಾಗಿದೆ. ಸಕ್ಕರೆಯಂತೆ ಹೊಳೆಯುವ ದಪ್ಪ ಕಣಗಳಿದ್ದರೆ ಕಾವು ಅತಿಯಾಗಿದೆ.

ಹದಕ್ಕೆ ಮುನ್ನ

1. ಬಡಿತ ಮುಗಿದ ಅಲಗನ್ನು ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಬೇಕು. ಪ್ರತಿ ಬಾರಿ ಕಾವನ್ನು ಸ್ವಲ್ಪ ತಗ್ಗಿಸುತ್ತ 2-3 ಸಲ ಹೀಗೆ ಮಾಡಿದರೆ ಬಡಿತದ ಬಿಗುವು ಇಳಿದು ಕಣಗಳು ಸಣ್ಣದಾಗುತ್ತವೆ.

2. ಬಾಯಿಯನ್ನು ಹದಕ್ಕೆ ಮೊದಲೇ ಹರಿತಗೊಳಿಸಬಾರದು. ಸುಮಾರು 1 ಮಿ.ಮೀ. ದಪ್ಪ ಉಳಿಸಬೇಕು.

3. ಅಲಗಿಗೆ ಅಡ್ಡಲಾಗಿರುವ ಸಾಣೆಯ ಗೀರುಗಳನ್ನು ಉದ್ದುದ್ದಕ್ಕೆ ಉಜ್ಜಿ ತೆಗೆಯಬೇಕು. ಅಲಗು ಮತ್ತು ಹಿಡಿಯ ಭಾಗ ಸೇರುವ ಮೂಲೆಯನ್ನು ಅರದಿಂದ ದುಂಡಗೆ ಮಾಡಬೇಕು. ಆ ಚೂಪು ಮೂಲೆಯೇ ಬಿರುಕಿನ ತವರು.

ಕಾವು ಮತ್ತು ಎಣ್ಣೆ

ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಸಾಮಾನ್ಯ ಹೈ ಕಾರ್ಬನ್ ಉಕ್ಕಿಗೆ ಇದಕ್ಕಿಂತ ತುಸು ಹೆಚ್ಚು, ಅಂದರೆ 800-820 ಡಿಗ್ರಿ ಸಾಕು. ಕ್ರೋಮಿಯಂ ಬೆರೆತ ಸ್ಪ್ರಿಂಗ್ ಉಕ್ಕಿಗೆ 830-850 ಡಿಗ್ರಿ ಬೇಕು. ಬಿಸಿಲಿನಲ್ಲಿ ಕಾವಿನ ಬಣ್ಣ ತಪ್ಪಾಗಿ ಕಾಣುವುದರಿಂದ ಕುಲುಮೆ ನೆರಳಿನಲ್ಲಿರಲಿ.

ಸ್ಪ್ರಿಂಗ್ ಉಕ್ಕನ್ನು ನೀರಿನಲ್ಲಿ ಅದ್ದುವುದೇ ಅನೇಕ ಬಿರುಕುಗಳಿಗೆ ಕಾರಣ. ಇದಕ್ಕೆ ಎಣ್ಣೆಯೇ ಸರಿ. ಎಣ್ಣೆಯನ್ನು 50-60 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಅದು ತೆಳುವಾಗಿ ಅಲಗನ್ನು ಒಂದೇ ಸಮನಾಗಿ ತಣಿಸುತ್ತದೆ. ಅಲಗನ್ನು ನೇರವಾಗಿ ಇಳಿಸಬೇಕು, ಅಡ್ಡಲಾಗಿ ಅಲ್ಲಾಡಿಸಬಾರದು. ಮಳೆಗಾಲದಲ್ಲಿ ತೊಟ್ಟಿಗೆ ನೀರು ಸೇರದಂತೆ ಎಚ್ಚರವಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲು ಕಬ್ಬಿಣದ ಮುಚ್ಚಳ ಹತ್ತಿರವಿರಬೇಕು.

ತಡವಿಲ್ಲದೆ ಟೆಂಪರಿಂಗ್

ಹದಗೊಂಡ ಅಲಗುಗಳನ್ನು ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಒಳಗಿನ ಬಿಗುವಿನಿಂದ ಬೆಳಿಗ್ಗೆಯ ಹೊತ್ತಿಗೆ ತಾನಾಗಿ ಬಿರಿಯಬಹುದು. ಕೈಯಲ್ಲಿ ಹಿಡಿಯುವಷ್ಟು ತಣಿದ ಕೂಡಲೇ 180-220 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ತಣಿಸಿ, ಮತ್ತೊಮ್ಮೆ ಕಾಯಿಸಬೇಕು. ಹೊಡೆತ ತಿನ್ನುವ ಮಚ್ಚುಗಳಿಗೆ ಇದಕ್ಕಿಂತ ಹೆಚ್ಚಿನ ಕಾವು ಬೇಕು. ಕೊನೆಯ ಸಾಣೆಯಲ್ಲಿ ಅಲಗನ್ನು ಆಗಾಗ ನೀರಿನಲ್ಲಿ ಅದ್ದುತ್ತಿರಬೇಕು. ಸಾಣೆಯ ಬಿಸಿಯಿಂದಲೂ ಬಿರುಕು ಹುಟ್ಟುತ್ತದೆ.

ಅಗ್ಗದ ಪರೀಕ್ಷೆ

ಅಲಗನ್ನು ಸೀಮೆಎಣ್ಣೆಯಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಸೇರಿದ ಎಣ್ಣೆ ಒಸರಿ ಗೆರೆ ಮೂಡುತ್ತದೆ. ಗೆರೆ ಕಂಡ ಅಲಗನ್ನು ಕಡಿಮೆ ಬೆಲೆಗೂ ಮಾರಬಾರದು.

ಯಾವ ಪ್ಲೇಟು, ಎಷ್ಟು ಕಾವು, ಎಷ್ಟು ಅಲಗು ಕೆಟ್ಟವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಕೆಲವು ತಿಂಗಳುಗಳಲ್ಲಿ ನಷ್ಟದ ಮೂಲ ಎಲ್ಲಿದೆಯೆಂದು ಆ ಲೆಕ್ಕವೇ ತೋರಿಸಿಕೊಡುತ್ತದೆ.