ಗಾಳಿಯ ಲೆಕ್ಕವೂ ಗಾಳಿಯ ಅಳತೆಯೂ

“ಗಾಳಿ ಬಂದಾಗ ತೂರಿಕೋ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಒಕ್ಕಲಿಗನು ಕಣದಲ್ಲಿ ಜೋಳದ ರಾಶಿ ಮಾಡುವಾಗ ಗಾಳಿಗಾಗಿ ಕಾದು ನಿಲ್ಲುತ್ತಿದ್ದನು. ಬಂದರೆ ಇಂದು ತೂರುವನು, ಬಾರದಿದ್ದರೆ ನಾಳೆ. ಈಗ ಇದೇ ವಿಜಯಪುರ ಜಿಲ್ಲೆಯ ಬಯಲಿನಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳು ಎದ್ದು ನಿಂತಿವೆ. ಇವನ್ನು ನಿಲ್ಲಿಸುವವನಿಗೆ ಹಾಗೆ ಕಾಯುವ ಅನುಕೂಲವಿಲ್ಲ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಸ್ಥಳದಲ್ಲಿ ಎಷ್ಟು ಗಾಳಿ ಬೀಸೀತೆಂಬುದನ್ನು ಅವನು ಮೊದಲೇ ಹೇಳಬೇಕು. ಅವನು ಹೇಗೆ ಹೇಳುವನು? ಹೇಳಿದುದನ್ನು ನಾವು ನಂಬುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಸಣ್ಣ ತಪ್ಪು, ದೊಡ್ಡ ನಷ್ಟ

ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನಕ್ಕೆ ಅನುಪಾತವಾಗಿರುವುದು. ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಾಗಿ ಎಣಿಸಿದೆವೆನ್ನಿ. 1.1ರ ಘನವು 1.331, ಆದುದರಿಂದ ಶಕ್ತಿಯ ಲೆಕ್ಕದಲ್ಲಿ ನೂರಕ್ಕೆ ಮೂವತ್ತಮೂರರಷ್ಟು ತಪ್ಪು ಬರುವುದು. ಯಂತ್ರವು ತನ್ನ ಪೂರ್ಣ ಸಾಮರ್ಥ್ಯವನ್ನು ಮುಟ್ಟಿದ ಮೇಲೆ ಈ ನಿಯಮವು ಅದರ ಉತ್ಪತ್ತಿಗೆ ಅನ್ವಯಿಸದು. ಆದರೆ ವರ್ಷದ ಬಹುಪಾಲು ಯಂತ್ರವು ಅದಕ್ಕಿಂತ ಕೆಳಗೇ ದುಡಿಯುವುದರಿಂದ ತಪ್ಪು ತಪ್ಪದು. ಸಾಲವನ್ನು ತೀರಿಸಬೇಕಾದುದು, ಊರಿಗೆ ಬೆಳಕನ್ನು ಕೊಡಬೇಕಾದುದು ಕಾಗದದ ಮೇಲಿನ ಗಾಳಿಯಲ್ಲ.

ಮಾದರಿ ಎಂದರೇನು?

ಇಂದು ಗಾಳಿಯ ಲೆಕ್ಕವನ್ನು ಗಣಕಯಂತ್ರದಲ್ಲಿ ಗಣಿತದ ಮಾದರಿಯಿಂದ ಮಾಡುವರು. ಮೊದಲು ವಿಶಾಲ ಪ್ರದೇಶದ ಹವಾಮಾನದ ದತ್ತಾಂಶವನ್ನು ತೆಗೆದುಕೊಳ್ಳುವರು. ಯೂರೋಪಿನ ಹವಾಮಾನ ಕೇಂದ್ರವು ಸಿದ್ಧಪಡಿಸಿದ ‘ಇಆರ್‌ಎ5’ ಎಂಬ ದತ್ತಾಂಶದಲ್ಲಿ 1940ರಿಂದ ಈಚಿನ ಗಾಳಿಯು ಗಂಟೆಗಂಟೆಗೂ ದೊರೆಯುವುದು. ಆದರೆ ಅದರ ಜಾಲದ ಒಂದೊಂದು ಕಣ್ಣೂ ಸುಮಾರು 31 ಕಿಲೋಮೀಟರು ಅಗಲ. ಅಂಥ ಬಲೆಯಲ್ಲಿ ಡೋಣಿಯ ಕಣಿವೆಯೂ ಮುದ್ದೇಬಿಹಾಳದ ಗುಡ್ಡವೂ ನುಸುಳಿಹೋಗುವುವು. ಆದ್ದರಿಂದ ಎರಡನೆಯ ಹಂತದಲ್ಲಿ ನೆಲದ ಏರಿಳಿತವನ್ನೂ ಒರಟುತನವನ್ನೂ ಲೆಕ್ಕಕ್ಕೆ ಸೇರಿಸುವರು. ಇದಕ್ಕಾಗಿ ಡೆನ್ಮಾರ್ಕಿನ ರೀಸೋ ಸಂಸ್ಥೆಯು 1987ರಲ್ಲಿ ಒಂದು ಗಣಕವಿಧಾನವನ್ನು ಹೊರತಂದಿತು. ಚೆನ್ನೈಯ ಪವನಶಕ್ತಿ ಸಂಸ್ಥೆಯು ಅದೇ ರೀಸೋ ಸಂಸ್ಥೆಯೊಡನೆ ಸೇರಿ 2010ರಲ್ಲಿ ಭಾರತದ ಗಾಳಿಯ ನಕಾಶೆಯನ್ನು ಪ್ರಕಟಿಸಿತು.

ಒರಟುತನವೆಂದರೆ ನೆಲವು ಗಾಳಿಯನ್ನು ತಡೆಯುವ ಗುಣ. ಇದನ್ನು ಒಂದು ಉದ್ದದಿಂದ ಸೂಚಿಸುವ ರೂಢಿಯಿದೆ. ಆಲಮಟ್ಟಿಯ ಜಲಾಶಯದಂಥ ನೀರಿನ ಮೇಲೆ ಅದು ಸುಮಾರು 0.0002 ಮೀಟರು, ಬಯಲು ಹೊಲದಲ್ಲಿ 0.03; ಗಿಡಮರಗಳು ದಟ್ಟವಾಗಿರುವಲ್ಲಿ 0.4. ನಿಂತ ಪೈರಿನ ಒರಟುತನವು ಅದರ ಎತ್ತರದ ಹತ್ತನೆಯ ಒಂದು ಪಾಲೆಂದು ಸ್ಥೂಲವಾಗಿ ಎಣಿಸಬಹುದು. ಈ ಸೀಮೆಯಲ್ಲಿ ಹಿಂಗಾರಿ ಜೋಳಕ್ಕೆಂದು ಬಿಟ್ಟ ಎರೆಭೂಮಿಯು ನೈಋತ್ಯ ಮಾರುತದ ಕಾಲದಲ್ಲಿ ಬರಿದಾಗಿರುವುದು. ಚಳಿಗಾಲದಲ್ಲಿ ಮೂಡಣದ ಕಡೆಯ ಗಾಳಿ ಬೀಸುವಾಗ ಅಲ್ಲಿಯೇ ಆಳೆತ್ತರದ ಜೋಳ ನಿಂತಿರುವುದು. ಇಂಡಿಯ ಲಿಂಬೆಯ ತೋಟಗಳಾದರೋ ವರ್ಷವೆಲ್ಲ ಹಸುರು. ವರ್ಷಕ್ಕೆ ಒಂದೇ ಒರಟುತನವನ್ನು ಕೊಟ್ಟ ಮಾದರಿಗೆ ಈ ಭೇದವು ತಿಳಿಯದು.

ಸ್ಥಳದ ಅಳತೆ

ಆದುದರಿಂದ ಸ್ಥಳದಲ್ಲಿ ಅಳತೆಗಂಬವನ್ನು ನೆಟ್ಟು, ಎರಡು ಮೂರು ಎತ್ತರಗಳಲ್ಲಿ ವಾಯುವೇಗಮಾಪಕಗಳನ್ನು ಕಟ್ಟುವರು. ಐರ್ಲೆಂಡಿನ ರಾಬಿನ್‌ಸನ್ 1846ರಲ್ಲಿ ವರ್ಣಿಸಿದ, ಗಾಳಿಗೆ ತಿರುಗುವ ಬಟ್ಟಲುಗಳ ಉಪಕರಣವೇ ಸುಧಾರಿಸಿದ ರೂಪದಲ್ಲಿ ಇಂದಿಗೂ ಬಳಕೆಯಲ್ಲಿದೆ. ಹತ್ತು ಹತ್ತು ನಿಮಿಷಗಳ ಸರಾಸರಿಯನ್ನು ಕನಿಷ್ಠ ಒಂದು ವರ್ಷ ದಾಖಲಿಸಬೇಕು. ಮಳೆಗಾಲವನ್ನು ಮಾತ್ರ ಅಳೆದವನು ವರ್ಷವನ್ನು ಅಳೆದಂತಾಗದು. ಉಷ್ಣತೆ ಮತ್ತು ಒತ್ತಡಗಳನ್ನೂ ಅಳೆಯುವರು. ಸಮುದ್ರಮಟ್ಟದಲ್ಲಿ 15 ಡಿಗ್ರಿಯ ಗಾಳಿಯ ಸಾಂದ್ರತೆಯು ಘನಮೀಟರಿಗೆ 1.225 ಕಿಲೋಗ್ರಾಂ, 550 ಮೀಟರು ಎತ್ತರದ ಈ ಬಯಲಿನಲ್ಲಿ 30 ಡಿಗ್ರಿಯಿರುವಾಗ ಸುಮಾರು 1.09. ಅಂದರೆ ಒಂದೇ ವೇಗದಲ್ಲಿಯೂ ಶಕ್ತಿಯು ನೂರಕ್ಕೆ ಹನ್ನೊಂದರಷ್ಟು ಕಡಿಮೆ.

ಅಳೆಯುವ ಉಪಕರಣವನ್ನೇ ಮೊದಲು ಪರೀಕ್ಷಿಸಬೇಕೆಂಬುದನ್ನು ನಾವು ಮರೆಯಲಾಗದು. ಗಾಳಿಯ ಸುರಂಗದಲ್ಲಿಟ್ಟು ಅದರ ಅಂಕಗಳನ್ನು ತಾಳೆ ನೋಡಬೇಕು. ಕಂಬದ ಮರೆಗೆ ಬಿದ್ದಾಗಿನ ಅಂಕಗಳನ್ನು ಕೈಬಿಡಬೇಕು. ನಮ್ಮ ದೇಶದಲ್ಲಿ ಇಂಥ ನಿಷ್ಠುರವಾದ ಅಳತೆಗೆ ಬುನಾದಿ ಹಾಕಿದವರಲ್ಲಿ ಅನ್ನಾ ಮಣಿ (1918–2001) ಪ್ರಮುಖರು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ಮಾಡಿದ ಅವರು, 1976ರಲ್ಲಿ ಹವಾಮಾನ ಇಲಾಖೆಯಿಂದ ನಿವೃತ್ತರಾದ ಬಳಿಕ ಮತ್ತೆ ಬೆಂಗಳೂರಿಗೆ ಬಂದು, ದೇಶದ ಗಾಳಿಯ ಸರ್ವೇಕ್ಷಣೆಯನ್ನು ಕೈಗೊಂಡರು. ಗಾಳಿ ಬಿಸಿಲುಗಳನ್ನು ಅಳೆಯುವ ಉಪಕರಣಗಳ ಕಾರ್ಯಾಗಾರವನ್ನೂ ನಡೆಸಿದರು.

ಅಂಕಶೋಧನ

ಈಗ ಮಾದರಿಯನ್ನೂ ಅಳತೆಯನ್ನೂ ಎದುರುಬದುರು ಇಡೋಣ. ಇದಕ್ಕೆ ಅಂಕಶೋಧನವೆಂದು ಹೆಸರು. ಮಾದರಿಯ ಪ್ರಕಾರ ಸರಾಸರಿ ವೇಗವು 100 ಮೀಟರು ಎತ್ತರದಲ್ಲಿ ಸೆಕೆಂಡಿಗೆ 7.0 ಮೀಟರು, 50 ಮೀಟರಿನಲ್ಲಿ 6.4 ಎಂದಿಟ್ಟುಕೊಳ್ಳಿ. ಅಳೆದಾಗ 100 ಮೀಟರಿನಲ್ಲಿ 6.5 ಮಾತ್ರ ಕಂಡಿತು. ಅನುಪಾತವು 0.93, ಅದರ ಘನವು 0.80. ಶಕ್ತಿಯಲ್ಲಿ ಐದರಲ್ಲೊಂದು ಪಾಲು ಇಲ್ಲವಾಯಿತು!

ಮಾದರಿಯ ಅಂಕಗಳನ್ನೆಲ್ಲ 0.93ರಿಂದ ಗುಣಿಸಿಬಿಟ್ಟರೆ ಸಾಲದೇ ಎಂದು ವಿದ್ಯಾರ್ಥಿಯು ಕೇಳಬಹುದು. ಸಾಲದು. 50 ಮೀಟರಿನ ಅಳತೆಯನ್ನು ನೋಡಿರಿ. ಅಲ್ಲಿ 5.94 ಇದ್ದರೆ ಎರಡೂ ಎತ್ತರಗಳಲ್ಲಿ ಒಂದೇ ಅನುಪಾತವಿದೆ. ವಿಶಾಲ ಗಾಳಿಯನ್ನೇ ಹೆಚ್ಚಾಗಿ ಎಣಿಸಿರುವ ಸಂಭವವುಂಟು. ಅಲ್ಲಿ 5.7 ಇದ್ದರೆ ಕೆಳಗಿನ ಗಾಳಿಯು ಇನ್ನೂ ಹೆಚ್ಚು ಕುಂದಿದೆ. ಎತ್ತರದೊಡನೆ ವೇಗವು ಏರುವ ಲಘುಗಣಕದ ನಿಯಮದಂತೆ ಲೆಕ್ಕ ಹಾಕಿದರೆ, ಮಾದರಿಯ ಒರಟುತನವು 0.03 ಮೀಟರು, ಅಳತೆಯದು ಸುಮಾರು 0.35. ಮಾದರಿಯು ಬರಿಯ ಹೊಲವೆಂದು ತಿಳಿದಲ್ಲಿ ನಿಜವಾಗಿ ತೋಟವಿರಬಹುದು.

ಇಲ್ಲಿಯೂ ಅವಸರ ಸಲ್ಲದು. ಹಗಲಿನ ಅಂಕಗಳನ್ನೂ ಇರುಳಿನವನ್ನೂ ಬೇರೆ ಮಾಡಿರಿ. ತೋಟವು ಹಗಲಿರುಳೂ ಇರುವುದು. ವ್ಯತ್ಯಾಸವು ಇರುಳಿನಲ್ಲಿ ಮಾತ್ರ ಕಂಡರೆ ಕಾರಣವು ಉಷ್ಣತೆ: ಶುಭ್ರವಾದ ಚಳಿಗಾಲದ ರಾತ್ರಿ ನೆಲವು ತಣ್ಣಗಾಗಿ, ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಬೆರೆಯದೆ ಪದರ ಪದರವಾಗಿ ಹರಿಯುವುವು. ಆಗ ತಿದ್ದಬೇಕಾದುದು ಒರಟುತನವನ್ನಲ್ಲ, ಉಷ್ಣದ ಲೆಕ್ಕವನ್ನು. ಕಾರಣವನ್ನು ಬಿಟ್ಟು ಅಂಕವನ್ನು ಮಾತ್ರ ತಿದ್ದಿದ ಮಾದರಿಯು ಕಂಬವಿರುವಲ್ಲಿ ಸರಿಯಾದ ಉತ್ತರ ಕೊಟ್ಟು, ಎರಡು ಮೈಲಿಯಾಚೆ ಮೋಸಮಾಡುವುದು.

ಕೊನೆಯ ಪರೀಕ್ಷೆ ಇನ್ನೊಂದಿದೆ. ಎರಡು ಕಂಬಗಳಿದ್ದರೆ ಒಂದರ ಅಂಕಗಳಿಂದ ಮಾದರಿಯನ್ನು ತಿದ್ದಿ, ಇನ್ನೊಂದರ ಅಂಕಗಳನ್ನು ಮುಚ್ಚಿಟ್ಟಿರಬೇಕು. ಬಾಗೇವಾಡಿಯ ಕಡೆ ತಿದ್ದಿದ ಮಾದರಿಯು ಮುದ್ದೇಬಿಹಾಳದ ಕಡೆಯ ಕಂಬದ ವೇಗವನ್ನು ಮೊದಲೇ ಸರಿಯಾಗಿ ಹೇಳಿದರೆ ಅದನ್ನು ನಂಬಬಹುದು. ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಬರೆದವನಿಗೆ ಪಾಸಾದನೆಂಬ ಹೆಸರು ಸಲ್ಲದು. ಒಂದು ವರ್ಷದ ಅಳತೆಯನ್ನು ಅದೇ ವರ್ಷದ ಇಆರ್‌ಎ5 ದತ್ತಾಂಶದೊಡನೆ ಹೋಲಿಸಿ, ಅದರ ಆಧಾರದಿಂದ ಹಿಂದಿನ ಇಪ್ಪತ್ತು ವರ್ಷಗಳ ಸರಾಸರಿಯನ್ನು ತಿಳಿಯುವುದೂ ಆವಶ್ಯಕ. ಅಳೆದ ವರ್ಷವು ಗಾಳಿ ಕಡಿಮೆಯಾದ ವರ್ಷವೇ ಆಗಿದ್ದಿರಬಹುದಲ್ಲವೇ?

ನೀವೇ ಮಾಡಿ ನೋಡಿರಿ

ಕೈಯಲ್ಲಿ ಹಿಡಿಯುವ ಸಣ್ಣ ವಾಯುವೇಗಮಾಪಕವು ನಿಮ್ಮ ಕಾಲೇಜಿನಲ್ಲಿದ್ದರೆ ಗಾಳಿಯ ದಿನ ಊರ ಹೊರಗೆ ಹೋಗಿರಿ. ಬೇವಿನ ಸಾಲಿನ ಅಥವಾ ಲಿಂಬೆ ತೋಟದ ಮರೆಯಲ್ಲಿ, ಗಿಡದ ಎತ್ತರದ ಐದು, ಹತ್ತು, ಇಪ್ಪತ್ತು ಪಟ್ಟು ದೂರಗಳಲ್ಲಿ ನಿಂತು ವೇಗವನ್ನು ಅಳೆದು, ಅದೇ ವೇಳೆಯ ಬಯಲಿನ ವೇಗದೊಡನೆ ಹೋಲಿಸಿರಿ. ಆದರೆ ಹೊರಡುವ ಮುನ್ನ ನಿಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆದಿಡಿರಿ. ಊಹೆಗೂ ಅಳತೆಗೂ ಅಂತರ ಕಂಡರೆ ಅಳತೆಯನ್ನು ಅಳಿಸದೆ, ಅಂತರದ ಕಾರಣವನ್ನು ಹುಡುಕಿರಿ.